ಯಾವ ತಪ್ಪಿಗೆ ಈ ದಂಡ?

(ಹಾಸನದ ಕಾಲೇಜೊಂದರ ಕನ್ನಡ ಸಂಘದಲ್ಲಿ ಆಡಿದ ಮಾತುಗಳ ಬರಹ ರೂಪ. ಎರಡೆರಡು ಸಲ ಹೇಳಿದ್ದನ್ನು ತೆಗೆದಿದ್ದೇನೆ. ಕೊನೆಯಲ್ಲಿ ವಿದ್ಯಾರ್ಥಿಗಳು ಕೇಳಿದ ಪ್ರಶ್ನೆಗಳನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಹೋದ ತಿಂಗಳು ಪೌತಿ ಖಾತೆಯ ಕೆಲಸಕ್ಕೆ ಒಂದು ತಾಲ್ಲೂಕು ಕಚೇರಿಗೆ ಹೋಗಿದ್ದೆ. ಮೆಟ್ಟಿಲ ಮೇಲೆ ಇಬ್ಬರು ಹೆಂಗಸರು ಕೂತಿದ್ದರು. ಒಬ್ಬರ ಮಡಿಲಲ್ಲಿ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಕಾಗದಗಳು. ಅವತ್ತು ಅವರ ಕೆಲಸ ಆಗಿರಲಿಲ್ಲ. ಪಕ್ಕದವರಿಗೆ ಹೇಳುತ್ತಿದ್ದರು: "ಆರೂವರೆ ಬಸ್ಸಿಗೆ ಬಂದೆ ಕಣಕ್ಕ. ಕೂಲಿನೂ ಹೋಯ್ತು. ಬಂದಿದ್ದೇ ದಂಡ ಆಯ್ತು."

ಅವರ ತಲೆಯ ಮೇಲೆ, ಬಾಗಿಲಿನ ಪಕ್ಕದಲ್ಲಿ ಒಂದು ಬೋರ್ಡು ಇತ್ತು. ನೀವೆಲ್ಲ ನೋಡಿರುವ ಬೋರ್ಡೇ. 'ತಹಶೀಲ್ದಾರ್ ಹಾಗೂ ತಾಲ್ಲೂಕು ದಂಡಾಧಿಕಾರಿಗಳು' ಎಂದು ಬರೆದಿತ್ತು.

ನಾನು ಅಲ್ಲೇ ನಿಂತುಬಿಟ್ಟೆ. ಬೋರ್ಡಿನಲ್ಲಿರುವುದೂ ದಂಡ, ಆ ಅಕ್ಕನ ಬಾಯಲ್ಲಿ ಬಂದಿದ್ದೂ ದಂಡ. ಒಂದು ಅಧಿಕಾರದ ಹೆಸರು. ಇನ್ನೊಂದು, ಒಂದು ದಿನ ಕೈಬಿಟ್ಟು ಹೋದ ಸಂಕಟ. ಎರಡೂ ಒಂದೇ ಪದ ಹೇಗಾದವು? ಇವತ್ತು ನಾನು ಮಾತಾಡಬೇಕು ಎಂದುಕೊಂಡಿರುವುದು ಇಷ್ಟೇ.

ಸಂಘದವರು ನನಗೆ ಕೊಟ್ಟ ವಿಷಯ 'ವ್ಯರ್ಥ'. ಒಳ್ಳೆಯ ಪದ. ಅರ್ಥ ಕಳೆದುಕೊಂಡದ್ದು ವ್ಯರ್ಥ. ಸಂಸ್ಕೃತದಲ್ಲಿ ಅರ್ಥ ಅಂದರೆ ಮಾತಿನ ಅರ್ಥವೂ ಹೌದು, ಹಣವೂ ಹೌದು, ಉದ್ದೇಶವೂ ಹೌದು. ಅದು ಹೋದರೆ ವ್ಯರ್ಥ. ಆದರೆ ನಮ್ಮ ಮನೆಗಳಲ್ಲಿ ಯಾರಾದರೂ 'ಪ್ರಯತ್ನ ವ್ಯರ್ಥವಾಯಿತು' ಅಂತಾರಾ? ಪತ್ರಿಕೆಯಲ್ಲಿ ಬರೆಯುತ್ತೇವೆ, ಭಾಷಣದಲ್ಲಿ ಹೇಳುತ್ತೇವೆ. ಅಡುಗೆಮನೆಯಲ್ಲಿ, ಗದ್ದೆ ಬದುವಿನಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ ಬೇರೆ ಪದಗಳಿವೆ. ಅವುಗಳಲ್ಲಿ ಒಂದನ್ನು ಹಿಡಿದುಕೊಂಡು ಹೋಗೋಣ ಅನ್ನಿಸಿತು.

ಮೊದಲು ಒಂದು ವಿಷಯ ಗಮನಿಸಿ. ಕೆಲಸಕ್ಕೆ ಬಾರದೆ ಹೋಗುವ ಒಂದೊಂದು ವಸ್ತುವಿಗೂ ನಮ್ಮ ಜನ ಬೇರೆ ಬೇರೆ ಪದ ಇಟ್ಟುಕೊಂಡಿದ್ದಾರೆ. ನೀರು ಪೋಲಾಗುತ್ತದೆ. ನಲ್ಲಿ ಹತ್ತಿರ 'ನೀರು ಪೋಲು ಮಾಡಬೇಡಿ' ಎಂದು ಬರೆಯುತ್ತಾರೆ, 'ನೀರು ದಂಡ ಮಾಡಬೇಡಿ' ಎಂದು ಯಾರೂ ಬರೆಯುವುದಿಲ್ಲ. ಭತ್ತ ಜೊಳ್ಳಾಗುತ್ತದೆ. ಹೊರಗೆ ಸಿಪ್ಪೆ ಇದೆ, ಒಳಗೆ ಅಕ್ಕಿ ಕಟ್ಟಿಲ್ಲ. ಅದನ್ನು ತೂರಿದಾಗ ಗಾಳಿಗೆ ಹಾರಿಹೋಗುತ್ತದೆ. ಕಾಫಿ ಹಣ್ಣನ್ನು ನೀರಿಗೆ ಹಾಕಿದಾಗ ಹಗುರಾದದ್ದು ಮೇಲೆ ತೇಲುತ್ತದಲ್ಲ, ಅದೂ ಜೊಳ್ಳೇ. ಹಸು ಗೊಡ್ಡಾಗುತ್ತದೆ. ಅದರಿಂದ ಗೊಡ್ಡು ಹರಟೆ, ಗೊಡ್ಡು ಸಂಪ್ರದಾಯ ಬಂದವು. ಈ ಗೊಡ್ಡು ಅನ್ನುವ ಪದವನ್ನು ಹೆಣ್ಣುಮಕ್ಕಳ ಮೇಲೂ ಎಸೆದಿದ್ದೇವೆ. ಅದರ ಬಗ್ಗೆ ಮಾತಾಡಲು ಇನ್ನೊಂದು ದಿನವೇ ಬೇಕು. ಏನನ್ನೂ ತರದೆ ವಾಪಸ್ ಬಂದರೆ ಬರಿಗೈ. ಕಾರಣವಿಲ್ಲದೆ ಮಾಡಿದರೆ ಬರಿದೇ.

ದುಡ್ಡು, ಹೊತ್ತು, ಮೈಯ ಶ್ರಮ, ತಿಂದ ಅನ್ನ, ಇವು ಮಾತ್ರ ದಂಡ ಆಗುತ್ತವೆ. ಯಾಕೆ ಇವೇ?

ಈಗ ಪದ ಎಲ್ಲಿಂದ ಬಂತು ನೋಡೋಣ. ಸಂಸ್ಕೃತದ ದಂಡ ಮೊದಲಿಗೆ ಬರೀ ಒಂದು ಕೋಲು. ಸನ್ಯಾಸಿಯ ಕೈಯಲ್ಲಿರುವ ದಂಡ, ಬಾವುಟ ಕಟ್ಟುವ ಧ್ವಜದಂಡ. ನೆಲದ ಮೇಲೆ ಕೋಲಿನ ಹಾಗೆ ಉದ್ದಕ್ಕೆ ಮಲಗಿ ಮಾಡುವುದು ದೀರ್ಘದಂಡ ನಮಸ್ಕಾರ. ಸಂಸ್ಕೃತ ಶ್ಲೋಕದ ಕೊನೆಗೆ ನಿಲ್ಲಿಸುವ ಉದ್ದ ಗೆರೆಗೂ ದಂಡ ಎಂದೇ ಹೆಸರು. ಹಳೆಯ ಕಾಲದಲ್ಲಿ ಅಳತೆಯ ಕೋಲೂ ದಂಡವೇ, ನಾಲ್ಕು ಮೊಳಕ್ಕೆ ಒಂದು ದಂಡ. ನಮ್ಮ ಮಕ್ಕಳು ಆಡುವ ಚಿನ್ನಿದಾಂಡಿನ ದಾಂಡೂ ಇದರ ಮನೆಯದೇ. ಕ್ರಿಕೆಟ್ ಬಂದಾಗ ಬ್ಯಾಟು ಹಿಡಿದವನನ್ನು ಕನ್ನಡದ ವರದಿಗಾರರು ದಾಂಡಿಗ ಎಂದರು. ಎಷ್ಟು ಚೆನ್ನಾಗಿ ಕೂತಿತು ಅಲ್ವಾ ಆ ಪದ.

ಕೋಲು ಕೈಯಲ್ಲಿದ್ದವನೇ ಆಳುವವನು. ಹೀಗೆ ಕೋಲಿನಿಂದ ಪದ ಅಧಿಕಾರಕ್ಕೆ ಹೋಯಿತು. ಸಾಮ, ದಾನ, ಭೇದ, ದಂಡ ಎಂಬ ನಾಲ್ಕು ಉಪಾಯಗಳು ನಿಮಗೆ ಗೊತ್ತು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಈ ಒಂದೇ ಪದ ಸೈನ್ಯಕ್ಕೂ ಇದೆ, ಶಿಕ್ಷೆಗೂ ಇದೆ, ತಪ್ಪು ಮಾಡಿದವನು ಕಟ್ಟುವ ಹಣಕ್ಕೂ ಇದೆ.

ಸೈನ್ಯದ ಅರ್ಥ ನಮ್ಮ ನೆಲದಲ್ಲಿ ಚೆನ್ನಾಗಿ ಬೇರೂರಿತು. ದಂಡು ಅಂದರೆ ಸೈನ್ಯ. ಬೆಂಗಳೂರಿನ ಕಂಟೋನ್ಮೆಂಟ್ ರೈಲು ನಿಲ್ದಾಣದ ಕನ್ನಡ ಹೆಸರು ಇವತ್ತಿಗೂ ಬೆಂಗಳೂರು ದಂಡು. ಹೊಯ್ಸಳರ ಕಾಲಕ್ಕೆ ಬಂದರೆ ಎಲ್ಲಿ ನೋಡಿದರೂ ದಂಡನಾಯಕರು. ಶ್ರವಣಬೆಳಗೊಳದಲ್ಲಿ ಗೊಮ್ಮಟನ ಸುತ್ತ ಸುತ್ತಾಲಯ ಕಟ್ಟಿಸಿದ ಗಂಗರಾಜ ವಿಷ್ಣುವರ್ಧನನ ದಂಡನಾಯಕ. ಚಿಕ್ಕಮಗಳೂರು ಜಿಲ್ಲೆ ತರೀಕೆರೆ ತಾಲ್ಲೂಕಿನ ಅಮೃತಾಪುರದಲ್ಲಿ 1196ರಲ್ಲಿ ದೇವಸ್ಥಾನ ಕಟ್ಟಿಸಿದವನು ಇಮ್ಮಡಿ ವೀರಬಲ್ಲಾಳನ ದಂಡನಾಯಕ ಅಮೃತೇಶ್ವರ. ನೀವು ಅಲ್ಲಿಗೆ ಹೋಗಿಲ್ಲದಿದ್ದರೆ ಒಂದು ಭಾನುವಾರ ಹೋಗಿ ಬನ್ನಿ. ಮಂಟಪದ ಕಂಬಗಳನ್ನು ನೋಡುತ್ತಾ ನಿಂತರೆ ಹೊತ್ತು ಹೋಗುವುದೇ ತಿಳಿಯುವುದಿಲ್ಲ.

ಅಂದರೆ ಎಂಟುನೂರು ವರ್ಷದ ಹಿಂದೆ ನಮ್ಮ ಸೀಮೆಯಲ್ಲಿ ಹೆಸರಿನ ಜೊತೆಗೆ ದಂಡ ಎಂಬ ಪದ ಸೇರಿದರೆ ಅದು ದೊಡ್ಡ ಗೌರವ. ಈಗ ಒಬ್ಬ ಹುಡುಗನ ಹೆಸರಿನ ಜೊತೆ ಅದೇ ಪದ ಸೇರಿಸಿ ನೋಡಿ.

ನನ್ನ ಪ್ರಶ್ನೆಗೆ ಬೇಕಾದದ್ದು ಮೂರನೆಯ ಅರ್ಥ, ತಪ್ಪಿಗೆ ಕಟ್ಟುವ ಹಣ. ಇದು ನಮ್ಮ ಊರುಗಳಲ್ಲಿ ಮೊನ್ನೆಮೊನ್ನೆಯವರೆಗೂ ದಿನದ ಬಳಕೆಯ ಪದ. ನಾನು ಚಿಕ್ಕವನಿದ್ದಾಗ ಊರಾಚೆ ದನದ ದೊಡ್ಡಿ ಇತ್ತು. ನಿಮ್ಮ ದನ ಬೇರೆಯವರ ರಾಗಿ ಹೊಲಕ್ಕೆ ನುಗ್ಗಿದರೆ ಹೊಲದವರು ಅದನ್ನು ದೊಡ್ಡಿಗೆ ಹೊಡೆದುಬಿಡುತ್ತಿದ್ದರು. ದಂಡ ಕಟ್ಟಿ ಬಿಡಿಸಿಕೊಂಡು ಬರಬೇಕು. ಒಂದು ಸಲ ನಮ್ಮ ಕೌಲು ಹಸುವನ್ನು ಬಿಡಿಸಲು ಅಪ್ಪನ ಜೊತೆ ಹೋಗಿದ್ದು ನೆನಪಿದೆ. ದಂಡ ಕಟ್ಟಿ, ಹಸುವಿನ ಹಗ್ಗ ಹಿಡಿದು ವಾಪಸ್ ಬರುವಾಗ ಅಪ್ಪ ದಾರಿಯುದ್ದಕ್ಕೂ ತಲೆ ಎತ್ತಲಿಲ್ಲ. ದುಡ್ಡು ಹೋಗಿದ್ದಕ್ಕಲ್ಲ, ಊರವರ ಎದುರಿಗೆ ಕಟ್ಟಬೇಕಾಯಿತಲ್ಲ ಎಂದು.

ಈಗ ಯೋಚನೆ ಮಾಡಿ. ಕೈಯಿಂದ ದುಡ್ಡು ಹೋಗುವ ದಾರಿಗಳು ಎಷ್ಟಿವೆ? ಸಂತೆಯಲ್ಲಿ ಕೊಟ್ಟರೆ ಸಾಮಾನು ಬರುತ್ತದೆ. ಸಾಲ ಕೊಟ್ಟರೆ ಇವತ್ತಲ್ಲ ನಾಳೆ ವಾಪಸ್ ಬರುತ್ತದೆ. ದಾನ ಕೊಟ್ಟರೆ ಪುಣ್ಯ ಬರುತ್ತದೆ ಎಂದು ನಂಬುತ್ತೇವೆ. ತೆರಿಗೆ ಕಟ್ಟಿದರೆ ರಸ್ತೆಯೋ ಕೆರೆಯೋ ಆಗಬೇಕು. ದಂಡ ಕಟ್ಟಿದರೆ ಮಾತ್ರ ಏನೂ ಬರುವುದಿಲ್ಲ. ನಿಮ್ಮದೇ ಹಸು ನಿಮಗೆ ವಾಪಸ್ ಸಿಗುತ್ತದೆ ಅಷ್ಟೆ. ಕೊಟ್ಟೂ ಏನೂ ಪಡೆಯದೇ ಇರುವ ಕೊಡುವಿಕೆ ಅದೊಂದೇ. ನನಗೆ ಕಾಣುವಂತೆ ಇಲ್ಲೇ ಪದ ಹೊರಳಿತು. ಕೊಟ್ಟು ಏನೂ ಸಿಗದ ಯಾವುದನ್ನು ಕಂಡರೂ ಜನ 'ಇದು ದಂಡ ಕಟ್ಟಿದ ಹಾಗೆ ಆಯ್ತು' ಅಂದರು. ಆಮೇಲೆ 'ಹಾಗೆ' ಬಿದ್ದುಹೋಯಿತು. 'ದಂಡ ಆಯ್ತು' ಉಳಿಯಿತು.

ಇದು ನಾವೊಬ್ಬರೇ ಮಾಡಿದ ಕೆಲಸವೂ ಅಲ್ಲ. ತೆಲುಗಿನವರು ದಂಡಗ ಅನ್ನುತ್ತಾರೆ, ಅದೂ ಸುಮ್ಮನೆ ಹೋದ ಖರ್ಚಿಗೆ. ತಮಿಳಿನಲ್ಲಿ ತಂಡಚ್ಚೋರು ಎಂಬ ಬೈಗುಳ ಇದೆ. ಚೋರು ಅಂದರೆ ಅನ್ನ. ಕೆಲಸ ಮಾಡದೆ ಅನ್ನ ತಿನ್ನುವವನು ಎಂದು. ಹಿಂದಿಯಲ್ಲಿ ದಂಡ ಶಿಕ್ಷೆಯಾಗಿಯೇ ನಿಂತಿದೆ. ನಮ್ಮ ಕಡೆಯ ಭಾಷೆಗಳು ಅದನ್ನು ಕೋರ್ಟಿನಿಂದ ಹೊಲಕ್ಕೆ, ಮನೆಗೆ ಕರೆದುಕೊಂಡು ಬಂದವು.

ಇನ್ನೊಂದು ಸಂಗತಿ ನನಗೆ ಬಹಳ ಇಷ್ಟ. ಅದೇ ತಪ್ಪಿನ ಹಣಕ್ಕೆ ಕಚೇರಿಗಳಲ್ಲಿ ಜುಲ್ಮಾನೆ ಅನ್ನುವ ಪದವೂ ಇದೆ, ಫಾರ್ಸಿ ಕಡೆಯಿಂದ ಬಂದದ್ದು. ಹಿರಿಯರ ಬಾಯಲ್ಲಿ ಈಗಲೂ ಕೇಳುತ್ತೇವೆ. ಆದರೆ 'ಪೇಟೆಗೆ ಹೋಗಿದ್ದು ಜುಲ್ಮಾನೆ ಆಯ್ತು' ಎಂದು ಯಾರೂ ಅನ್ನುವುದಿಲ್ಲ. ಜುಲ್ಮಾನೆ ಕಾಗದದ ಮೇಲೆ ಉಳಿಯಿತು. ದಂಡ ಮೈಗೆ ಅಂಟಿಕೊಂಡಿತು.

ಬಳಕೆಯನ್ನು ಸ್ವಲ್ಪ ಹತ್ತಿರದಿಂದ ನೋಡಿ. 'ಹೋಗಿದ್ದು ದಂಡ', 'ಮಾಡಿದ್ದು ದಂಡ', 'ಓದಿದ್ದೆಲ್ಲ ದಂಡ', 'ನಿನಗೆ ಹೇಳೋದೂ ದಂಡ'. ಎಲ್ಲ ಕಡೆಯೂ ಒಂದು ಕೆಲಸ ನಡೆದಿದೆ. ಯಾರೋ ಎದ್ದು ಹೋಗಿದ್ದಾರೆ, ಮಾಡಿದ್ದಾರೆ, ಓದಿದ್ದಾರೆ. ಏನೂ ಮಾಡದೆ ದಂಡ ಆಗುವುದಿಲ್ಲ. ನಮ್ಮ ಗಾದೆಗಳಲ್ಲೂ ಇದೇ ಕಾಣುತ್ತದೆ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಅಂತೀವಿ. ಅಲ್ಲಿ ತೊಳೆದವನ ಕೈ ನೋವಿದೆ, ಜೊತೆಗೆ ಹುಣಸೆಹಣ್ಣೂ ಹೋಗಿದೆ. ಗಾಳಿ ಗುದ್ದಿ ಮೈ ನೋಯಿಸಿಕೊಂಡ ಹಾಗೆ ಅಂತೀವಿ. ಅಲ್ಲೂ ನೋವು ನಿಜ. ವ್ಯರ್ಥ ಅನ್ನುವ ಪದ ಏನು ಸಿಗಲಿಲ್ಲ ಎಂದು ಹೇಳುತ್ತದೆ. ದಂಡ ಅನ್ನುವ ಪದ ಏನು ಕೊಟ್ಟೆವು ಎಂದು ಹೇಳುತ್ತದೆ. ಆರೂವರೆ ಬಸ್ಸು, ಒಂದು ದಿನದ ಕೂಲಿ, ಎರಡು ಕಡೆಯ ಚಾರ್ಜು. ಆ ಅಕ್ಕನ ಒಂದು ಪದದಲ್ಲಿ ಇಷ್ಟೂ ಇತ್ತು.

ಈಗ ನಮ್ಮ ಮನೆಯ ಒಂದು ಮಾತು ಹೇಳುತ್ತೇನೆ. ನಿಮ್ಮಲ್ಲಿ ಆಲೂಗೆಡ್ಡೆ ಬೆಳೆಯುವ ಮನೆಯವರು ಇದ್ದೇ ಇರುತ್ತೀರಿ. ನಮ್ಮ ಜಿಲ್ಲೆಯಲ್ಲಿ ಬಿತ್ತನೆ ಗೆಡ್ಡೆ ಪಂಜಾಬಿನ ಜಲಂಧರ್‌ನಿಂದ ಬರುತ್ತದೆ. ಅಷ್ಟು ದೂರದಿಂದ ಬಂದ ಗೆಡ್ಡೆಯನ್ನು ಮಾರುಕಟ್ಟೆಯಲ್ಲಿ ಸಾಲ ಮಾಡಿ ತರಬೇಕು. ಕಣ್ಣು ನೋಡಿ ಕೊಯ್ದು, ಮುಂಗಾರಿನ ಮೊದಲ ಮಳೆ ನೋಡಿಕೊಂಡು ಬಿತ್ತಬೇಕು. ರಾಗಿಯ ಹಾಗಲ್ಲ ಇದು. ರಾಗಿಗೆ ಮನೆಯ ಬೀಜ ಇರುತ್ತದೆ. ಆಲೂಗೆಡ್ಡೆಗೆ ಬೀಜದ ಖರ್ಚೇ ದೊಡ್ಡದು, ಅದೂ ಮೊದಲೇ ಕೈಬಿಡುತ್ತದೆ.

ಆ ವರ್ಷ ನಾನು ಹೈಸ್ಕೂಲಿನಲ್ಲಿದ್ದೆ. ಗಿಡ ಮೊಳಕಾಲುದ್ದ ಬಂದಿತ್ತು. ಒಂದು ವಾರ ಬಿಸಿಲೇ ಇಲ್ಲ. ಮೋಡ, ಸೋನೆ ಮಳೆ, ಬೆಳಗ್ಗೆ ಇಬ್ಬನಿ. ಅಂಗಮಾರಿ ರೋಗಕ್ಕೆ ಬೇಕಾದ ಹವೆ ಅದೇ. ಎಲೆಯ ತುದಿಯಲ್ಲಿ ಸುಟ್ಟ ಹಾಗೆ ಕಪ್ಪು ಕಾಣಿಸಿತು. ಔಷಧಿ ಹೊಡೆದೆವು. ಮಳೆ ತೊಳೆದುಕೊಂಡು ಹೋಯಿತು. ಮತ್ತೆ ಹೊಡೆದೆವು. ಕೆಲವೇ ದಿನಗಳಲ್ಲಿ ಹೊಲವೆಲ್ಲ ಬೇಯಿಸಿದ ಸೊಪ್ಪಿನ ಹಾಗೆ ಕುಸಿಯಿತು. ಹತ್ತಿರ ಹೋದರೆ ಕೊಳೆತ ವಾಸನೆ. ಆ ವಾಸನೆ ಗೊತ್ತಿರುವವರು ಈ ಸಭೆಯಲ್ಲಿ ಇದ್ದೀರಿ, ನಿಮ್ಮ ಮುಖ ನೋಡಿದರೆ ತಿಳಿಯುತ್ತಿದೆ.

ಅಪ್ಪ ಬದುವಿನ ಮೇಲೆ ನಿಂತು ಹೇಳಿದರು: "ಬೀಜ ದಂಡ. ಗೊಬ್ಬರ ದಂಡ. ನಿಮ್ಮವ್ವ ಮೈ ಮುರಿದಿದ್ದೂ ದಂಡ."

ನಷ್ಟ ಎಂದು ಅವರು ಹೇಳಲಿಲ್ಲ. ನಷ್ಟ ಎನ್ನುವುದು ಲೆಕ್ಕದ ಪದ. ಬ್ಯಾಂಕಿನವರು ಬರೆದುಕೊಳ್ಳುವ ಪದ. ಅದರಲ್ಲಿ ಯಾರ ತಪ್ಪೂ ಇಲ್ಲ, ಅದು ಬರೀ ಕಡಿಮೆಯಾದ ಅಂಕಿ. ದಂಡದಲ್ಲಿ ಇನ್ನೊಂದು ಮುಳ್ಳು ಇದೆ. ಅದು ರಾತ್ರಿ ಹೊರಗೆ ಬಂತು. ಊಟಕ್ಕೆ ಕೂತವರು ತಟ್ಟೆಯ ಮುಂದೆ ಸುಮಾರು ಹೊತ್ತು ಹಾಗೇ ಇದ್ದು, ಯಾರಿಗೆಂದು ಇಲ್ಲದೆ ಕೇಳಿದರು: "ಯಾವ ತಪ್ಪಿಗೆ ಈ ದಂಡವೋ?"

ಈ ಪದದ ಬಗ್ಗೆ ನಾನು ಇವತ್ತು ಬಂದು ಮಾತಾಡುತ್ತಿರುವುದೇ ಆ ಪ್ರಶ್ನೆಯಿಂದ. ಪದ ಎಷ್ಟೇ ದೂರ ಬಂದರೂ ತನ್ನ ಹಳೆಯ ಅರ್ಥವನ್ನು ಪೂರ್ತಿ ಬಿಟ್ಟಿಲ್ಲ. ದಂಡ ಅಂದ ಮೇಲೆ ತಪ್ಪು ಇರಲೇಬೇಕು. ಕಟ್ಟಿದವನೇ ತಪ್ಪು ಮಾಡಿದವನು. ಹೀಗಾಗಿ ಬೆಳೆ ಹೋದ ರೈತ ಬರೀ ದುಡ್ಡು ಕಳೆದುಕೊಳ್ಳುವುದಿಲ್ಲ. ಏನೋ ತಪ್ಪು ಮಾಡಿದ್ದೇನೆ ಎಂದು ಒಳಗೊಳಗೇ ಕುಗ್ಗುತ್ತಾನೆ. ಮೋಡ ಕವಿದಿದ್ದು ಅವನ ತಪ್ಪಲ್ಲ. ಅಂಗಮಾರಿ ಬಂದಿದ್ದು ಅವನ ತಪ್ಪಲ್ಲ. ಆದರೂ ಅವತ್ತು ಅಪ್ಪ, ದನದ ದೊಡ್ಡಿಯಿಂದ ಹಸು ಹೊಡೆದುಕೊಂಡು ಬಂದ ದಿನದ ಹಾಗೆಯೇ ತಲೆ ತಗ್ಗಿಸಿ ಕೂತಿದ್ದರು. ಪರೀಕ್ಷೆಯಲ್ಲಿ ಫೇಲಾದ ಹುಡುಗಿ 'ನಾನು ಓದಿದ್ದೆಲ್ಲ ದಂಡ' ಅನ್ನುವಾಗಲೂ ಹೀಗೇ. ಮನೆಯವರಿಗೆ ಏನೋ ದ್ರೋಹ ಮಾಡಿದೆ ಎಂಬ ದನಿ ಆ ಮಾತಿನಲ್ಲಿ ಇರುತ್ತದೆ.

ನಮ್ಮ ಜಿಲ್ಲೆಯ ಹಲ್ಮಿಡಿ ಶಾಸನ ನಿಮಗೆಲ್ಲ ಗೊತ್ತು. ಬೇಲೂರು ತಾಲ್ಲೂಕಿನದು, ಸುಮಾರು ಕ್ರಿ.ಶ. 450ರದು ಎನ್ನುತ್ತಾರೆ. ಅದರಲ್ಲಿ ಕೊಟ್ಟ ದಾನವನ್ನು ಕೆಡಿಸಿದವನಿಗೆ ಮಹಾಪಾತಕ ಎಂದಿದೆ. ಕೆಡಿಸಿದವನಿಗೆ, ನೋಡಿ. ಕಳೆದುಕೊಂಡವನಿಗಲ್ಲ. ಕನ್ನಡದ ಅಷ್ಟು ಹಳೆಯ ಬರಹದಲ್ಲಿ ತಪ್ಪು ಯಾರದು ಎನ್ನುವುದು ಸರಿಯಾದ ಜಾಗದಲ್ಲಿದೆ.

ಇತ್ತೀಚಿನ ಒಂದು ಬದಲಾವಣೆಯನ್ನೂ ಹೇಳಬೇಕು. 1860ರ ಕಾಯ್ದೆಯನ್ನು ಕನ್ನಡದಲ್ಲಿ ಭಾರತೀಯ ದಂಡ ಸಂಹಿತೆ ಎಂದು ಕರೆಯುತ್ತಿದ್ದೆವು. 2024ರ ಜುಲೈ 1ರಿಂದ ಅದರ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂತು. ಹೆಸರಿನಿಂದ ದಂಡ ಹೋಯಿತು. ಒಳಗೆ ಶಿಕ್ಷೆಗಳು ಇದ್ದೇ ಇವೆ, ಅದು ಬೇರೆ ಮಾತು. ಭಾಷೆಯ ಕಡೆಯಿಂದ ನೋಡಿದರೆ ನನಗೆ ಹೀಗನ್ನಿಸುತ್ತದೆ. ಇನ್ನು ಇಪ್ಪತ್ತು ಮೂವತ್ತು ವರ್ಷದಲ್ಲಿ ಮಕ್ಕಳಿಗೆ ದಂಡ ಅಂದರೆ ಮೊದಲು ಹೊಳೆಯುವುದು ಕೋರ್ಟಿನ ಅರ್ಥ ಅಲ್ಲ, ಮನೆಯ ಅರ್ಥವೇ. ಆಗ ಆ ಮುಳ್ಳು ತಾನಾಗಿ ಉದುರುತ್ತದೋ, ಕಾಣದ ಹಾಗೆ ಇನ್ನೂ ಒಳಗೆ ಹೋಗುತ್ತದೋ, ಕಾದು ನೋಡಬೇಕು.

ಇಷ್ಟು ಹೊತ್ತು ಕೆಲಸದ ಬಗ್ಗೆ ಆಯಿತು. ಈಗ ಮನುಷ್ಯರ ಬಗ್ಗೆ.

ಕೂಳಿಗೆ ದಂಡ, ಭೂಮಿಗೆ ಭಾರ. ಈ ಮಾತು ಕೇಳದೆ ಬೆಳೆದವರು ನಮ್ಮಲ್ಲಿ ಯಾರೂ ಇಲ್ಲ. ನಾಲ್ಕೇ ಪದ. ಎಷ್ಟು ಚೆನ್ನಾಗಿ ಜೋಡಿಸಿದ್ದಾರೆ ಎಂದರೆ ಅದರ ಕ್ರೌರ್ಯ ನಮಗೆ ಕಾಣುವುದೇ ಇಲ್ಲ. ಒಬ್ಬ ಮನುಷ್ಯ ತಿನ್ನುವ ಅನ್ನ ದಂಡ, ಅವನು ನಿಲ್ಲುವ ನೆಲಕ್ಕೆ ಅವನು ಭಾರ. ಅನ್ನ ನೆಲ ಎರಡೂ ಹೋದ ಮೇಲೆ ಅವನಿಗೆ ಏನು ಉಳಿಯಿತು?

ದಂಡಪಿಂಡ ಇದರದೇ ತಮ್ಮ. ಪಿಂಡ ಅಂದರೆ ಹೊಟ್ಟೆಯೊಳಗಿನ ಪಿಂಡವೂ ಹೌದು, ಹಿರಿಯರಿಗೆ ಇಡುವ ಅನ್ನದ ಉಂಡೆಯೂ ಹೌದು. ಯಾವುದನ್ನು ಹಿಡಿದರೂ ಅರ್ಥ ಕೂಡುತ್ತದೆ. ನನಗೇನೋ ಅನ್ನದ ಕಡೆಗೇ ಮನಸ್ಸು ವಾಲುತ್ತದೆ. ಕೂಳಿಗೆ ದಂಡ, ತಮಿಳಿನ ತಂಡಚ್ಚೋರು, ಎಲ್ಲ ಕಡೆಯೂ ಅನ್ನವೇ ಇದೆ. ಅಕ್ಕಿ ಕಷ್ಟದಲ್ಲಿ ಸಿಗುತ್ತಿದ್ದ ಕಾಲದ ಮಾತುಗಳು ಇವು. ಒಂದು ತುತ್ತಿಗೂ ಲೆಕ್ಕ ಇದ್ದ ಮನೆಯಲ್ಲಿ ಹುಟ್ಟಿದ ಬೈಗುಳ. ಆ ಕಷ್ಟವನ್ನು ನಾನು ಹಗುರ ಮಾಡುವುದಿಲ್ಲ.

ಆದರೆ ಈಗ? 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆದಾಗ ಬೆಂಗಳೂರಿನಿಂದ ಎಷ್ಟು ಹುಡುಗರು ಊರಿಗೆ ವಾಪಸ್ ಬಂದರು ನೆನಪಿದೆಯಲ್ಲ. ನಮ್ಮ ಊರಿಗೂ ಬಂದರು. ಮೊದಲ ಹದಿನೈದು ದಿನ ಎಲ್ಲರಿಗೂ ಖುಷಿ. ಒಂದು ತಿಂಗಳಿಗೆ ಮಾತು ಬದಲಾಯಿತು. "ಮನೇಲಿ ದಂಡಕ್ಕೆ ಕೂತವ್ನೆ." ಕೆಲಸ ಹೋಗಿದ್ದು ಇಡೀ ದೇಶಕ್ಕೆ ಬಾಗಿಲು ಹಾಕಿದ್ದರಿಂದ. ದಂಡ ಮಾತ್ರ ಆ ಹುಡುಗನ ಮೇಲೆ. ಅವರಲ್ಲಿ ಒಬ್ಬ ನನ್ನ ಹತ್ತಿರ ಹೇಳಿದ, "ಸಾರ್, ಊಟಕ್ಕೆ ಕೂತ್ರೆ ಅನ್ನ ಕೇಳೋಕೆ ಬಾಯಿ ಬರಲ್ಲ." ಇನ್ನೊಂದು ಸಲ ಬಡಿಸಿ ಎಂದು ಕೇಳಲು ತನ್ನ ಮನೆಯಲ್ಲೇ ಅವನಿಗೆ ನಾಚಿಕೆ.

ನನ್ನ ಅಜ್ಜಿ, ಅಪ್ಪನ ತಾಯಿ, ಕೊನೆಯ ಕೆಲವು ವರ್ಷ ನಡೆಯಲಾರದೆ ಜಗಲಿಯಲ್ಲೇ ಇರುತ್ತಿದ್ದರು. ಅರವತ್ತು ವರ್ಷ ನಾಟಿ ಹಾಕಿದ ಕೈ. ಮೊರ ಹಿಡಿದು ಕೇರಿದರೆ ಜೊಳ್ಳು ಒಂದು ಕಡೆ, ಕಾಳು ಒಂದು ಕಡೆ, ಕಲ್ಲು ಒಂದು ಕಡೆ. ಆ ಕೈಚಳಕ ನೋಡಲು ನಾವು ಮಕ್ಕಳು ಸುತ್ತ ಕೂರುತ್ತಿದ್ದೆವು. ಅಂಥವರು ಕೊನೆಗೆ ಊಟದ ತಟ್ಟೆ ಮುಂದಿಟ್ಟಾಗಲೆಲ್ಲ ಒಂದು ಮಾತು ಹೇಳುವರು: "ಯಾಕವ್ವ ಇಷ್ಟೊಂದು ಹಾಕ್ತೀಯ. ನಾನೀಗ ಕೂಳಿಗೆ ದಂಡ." ಯಾರೂ ಅವರನ್ನು ಹಾಗೆ ಅಂದಿರಲಿಲ್ಲ. ಬೇರೆಯವರಿಗೆ ಅಂದಿದ್ದನ್ನು ಜೀವನವೆಲ್ಲ ಕೇಳಿದ್ದರು. ತಮ್ಮ ಸರದಿ ಬಂದಾಗ ತಾವೇ ತಮ್ಮ ಮೇಲೆ ದಂಡ ಹಾಕಿಕೊಂಡರು.

ಮನುಷ್ಯನನ್ನು ದಂಡ ಅನ್ನುವಾಗ ನಡೆಯುವುದು ಇದೇ. ಕೆಲಸ ದಂಡ ಆಗಬಹುದು, ಪ್ರಯಾಣ ದಂಡ ಆಗಬಹುದು. ಅಲ್ಲಿ ಒಂದು ಕೊಟ್ಟದ್ದು ಇದೆ, ಅದಕ್ಕೆ ಏನೂ ಬರಲಿಲ್ಲ. ಅಜ್ಜಿ ಅರವತ್ತು ವರ್ಷ ಕೊಟ್ಟಿದ್ದು ಎಲ್ಲಿ ಹೋಯಿತು? ಆ ಲೆಕ್ಕ ಯಾಕೆ ಅವರ ತಟ್ಟೆಯ ಪಕ್ಕ ಬರಲಿಲ್ಲ? ದಂಡ ಹಾಕುವವನು ಮೊದಲು ತಪ್ಪು ಏನು ಎಂದು ಹೇಳಬೇಕು. ದನದ ದೊಡ್ಡಿಯಲ್ಲೂ ಅದನ್ನು ಹೇಳುತ್ತಿದ್ದರು. ಯಾರ ಹೊಲ, ಎಷ್ಟು ಮೇಯ್ದಿದೆ ಎಂದು. ವಯಸ್ಸಾದದ್ದು ಯಾವ ಹೊಲ ಮೇಯ್ದ ತಪ್ಪು?

ಇಲ್ಲಿಗೆ ನನ್ನ ಮಾತು ನಿಲ್ಲಿಸಿದೆ. ಆಮೇಲೆ ಪ್ರಶ್ನೆಗಳು ಬಂದವು.

ಒಬ್ಬ ಹುಡುಗ ಕೇಳಿದ: ಈಗ ನಾವು ಯಾರೂ ದಂಡಪಿಂಡ ಅನ್ನಲ್ಲ ಸಾರ್, ವೇಸ್ಟ್ ಬಾಡಿ ಅಂತೀವಿ. ಅದಕ್ಕೂ ಇದಕ್ಕೂ ವ್ಯತ್ಯಾಸ ಇದೆಯಾ?

ಎಲ್ಲರೂ ನಕ್ಕರು. ಪ್ರಶ್ನೆ ಬಹಳ ಒಳ್ಳೆಯದು. ದಂಡಕ್ಕೆ ವೇಸ್ಟ್, ಪಿಂಡಕ್ಕೆ ಬಾಡಿ. ಗೊತ್ತಿದ್ದು ಮಾಡಿದ್ದೀರೋ ಗೊತ್ತಿಲ್ಲದೆಯೋ, ನಿಮ್ಮ ಅಜ್ಜನ ಬೈಗುಳವನ್ನೇ ಬೇರೆ ಬಟ್ಟೆ ಹಾಕಿ ಉಳಿಸಿಕೊಂಡಿದ್ದೀರಿ. ಒಂದು ವ್ಯತ್ಯಾಸ ನನಗೆ ಕಾಣುತ್ತದೆ. ವೇಸ್ಟ್ ಅಂದರೆ ಕಸ. ಕಸದಲ್ಲಿ ಯಾರು ಏನು ಕೊಟ್ಟರು ಎಂಬ ನೆನಪು ಇರುವುದಿಲ್ಲ. ದಂಡದಲ್ಲಿ ಅದು ಇದೆ. ಕೆಲಸದ ಬಗ್ಗೆ ಹೇಳುವಾಗ ದಯವಿಟ್ಟು ದಂಡ ಅನ್ನುವುದನ್ನೇ ಉಳಿಸಿಕೊಳ್ಳಿ. 'ಟೈಮ್ ವೇಸ್ಟ್' ಅಂದಾಗ ಹೊತ್ತು ಹೋಯಿತು ಅಷ್ಟೆ. 'ಬಂದಿದ್ದು ದಂಡ' ಅಂದಾಗ ಬಂದವರ ಕಾಲು ನೋವೂ ಕೇಳಿಸುತ್ತದೆ. ಮನುಷ್ಯರ ಬಗ್ಗೆ ಹೇಳುವಾಗ ಎರಡನ್ನೂ ಬಿಡಿ.

ಹಿಂದೆ ಕೂತಿದ್ದ ಒಬ್ಬ ಹುಡುಗಿ, ಸಕಲೇಶಪುರದ ಕಡೆಯವಳು, ಕೇಳಿದಳು: ಹಾಗಾದರೆ ಏನೂ ಪ್ರಯೋಜನ ಇಲ್ಲದ್ದನ್ನು ಬೈಯದೆ ಹೇಳೋಕೆ ಕನ್ನಡದಲ್ಲಿ ಪದ ಇಲ್ವಾ?

ಇದೆಯಮ್ಮ. ನೀನು ದಿನಕ್ಕೆ ಹತ್ತು ಸಲ ಬಳಸುತ್ತೀಯ. ಸುಮ್ನೆ.

ಯಾಕೆ ಬಂದ್ರಿ ಅಂದರೆ, ಸುಮ್ನೆ ಬಂದೆ. ಯಾಕೆ ಫೋನ್ ಮಾಡಿದೆ, ಸುಮ್ನೆ. ಏನು ಮಾಡ್ತಾ ಇದ್ದೀಯ, ಸುಮ್ನೆ ಕೂತಿದ್ದೀನಿ. ಇಲ್ಲಿ ಉದ್ದೇಶ ಇಲ್ಲ, ಲಾಭ ಇಲ್ಲ. ಆದರೆ ಯಾರೂ ಏನನ್ನೂ ಕಳೆದುಕೊಂಡಿಲ್ಲ. 'ಸುಮ್ನೆ ಬಂದೆ' ಅಂದವರಿಗೆ ನಾವು ಕಾಫಿ ಜಾಸ್ತಿ ಪ್ರೀತಿಯಿಂದ ಕೊಡುತ್ತೇವೆ, ಅಲ್ವಾ? ಕೆಲಸ ಇಟ್ಟುಕೊಂಡು ಬಂದವರಿಗಿಂತ. ಸುಮ್ಮನೆ ಅಂದರೆ ಮಾತಿಲ್ಲದೆ ಎಂಬ ಅರ್ಥವೂ ಇದೆ. ಗಲಾಟೆ ಮಾಡುವ ಮಗುವಿಗೆ 'ಸುಮ್ನಿರು' ಅಂತೀವಿ. ಮಾತೂ ಇಲ್ಲ, ಉದ್ದೇಶವೂ ಇಲ್ಲ, ಆದರೂ ನೆಮ್ಮದಿ ಇದೆ. ಜೊತೆಗೆ ದುಡ್ಡಿನ ವಿಷಯಕ್ಕೆ ಬಂದರೆ ಅದೇ ಪದ ಸ್ವಲ್ಪ ಕಹಿಯೂ ಆಗುತ್ತದೆ. 'ಸುಮ್ನೆ ಇನ್ನೂರು ರೂಪಾಯಿ ಹೋಯ್ತು' ಅಂತೀವಿ. ಅಲ್ಲಿ ಅದು ದಂಡದ ಪಕ್ಕದ ಮನೆ. ಆದರೆ ಒಬ್ಬ ಮನುಷ್ಯ ಸುಮ್ನೆ ಇದ್ದಾನೆ ಅಂದರೆ ಅದು ಬೈಗುಳ ಅಲ್ಲ. ಅವನು ಇದ್ದಾನೆ ಎಂದಷ್ಟೇ.

ಆ ಹುಡುಗಿಯ ಪ್ರಶ್ನೆಯಿಂದ ನನಗೆ ಅವ್ವ ನೆನಪಾದರು. ಮಾತಿ‍ನ ನಡುವೆ ಹೇಳಲು ಮರೆತಿದ್ದೆ. ಅಜ್ಜಿ ಒಂದು ರಾತ್ರಿ ತಟ್ಟೆ ಸರಿಸಿ ಮತ್ತೆ ಅದೇ ಮಾತು ತೆಗೆದರು, ಕೂಳಿಗೆ ದಂಡ ಎಂದು. ಅವರೆಕಾಯಿ ಕಾಲ. ಅವ್ವ ಹಿತಕಿದ ಬೇಳೆ ಸಾರು ಮಾಡಿದ್ದರು. ಸೌಟು ಕೈಯಲ್ಲೇ ಹಿಡಿದು ಅಜ್ಜಿಯ ಎದುರಿಗೆ ಕುಕ್ಕರಗಾಲಲ್ಲಿ ಕೂತರು.

"ನಿಮ್ಮನ್ನ ಯಾರತ್ತೆ ಲೆಕ್ಕ ಕೇಳಿದ್ರು?" ಅಂದರು. "ಏನೂ ಮಾಡ್ಬೇಡಿ. ಸುಮ್ನೆ ಇರಿ, ಸಾಕು."

ಅಜ್ಜಿ ಸ್ವಲ್ಪ ಹೊತ್ತು ಅವರ ಮುಖ ನೋಡಿದರು. ಆಮೇಲೆ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡು, ಇನ್ನೊಂದು ಸೌಟು ಸಾರು ಕೇಳಿದರು.